ಉಪ್ಪಿನ ಭರಣಿ ಒಂದೇ, ಉಣ್ಣುವವರು ಹಲವರು

‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ’ ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ವಿರಳ. ಈ ಗಾದೆ ಹುಟ್ಟಿದ ಕಾಲದಲ್ಲಿ ಹೆಚ್ಚಿನ ಮನೆಗಳಿಗೆ ಉಪ್ಪು ಎಂದರೆ ಒಂದೇ ಉಪ್ಪು, ಸಂತೆಯಲ್ಲಿ ಅಳೆದು ಕೊಡುತ್ತಿದ್ದ ಕಲ್ಲುಪ್ಪು. ಇಂದು ಅಂಗಡಿಗೆ ಹೋಗಿ ‘ಉಪ್ಪು ಕೊಡಿ’ ಎಂದರೆ ಸಾಲದು, ‘ಯಾವುದು ಕೊಡಲಿ?’ ಎಂಬ ಪ್ರಶ್ನೆ ಎದುರಾಗುತ್ತದೆ. ಅಯೋಡಿನ್ ಬೆರೆಸಿದ ಪುಡಿ ಉಪ್ಪು, ಹರಳುಪ್ಪು, ಗುಲಾಬಿ ಬಣ್ಣದ ಸೈಂಧವ ಲವಣ, ಕಪ್ಪು ಉಪ್ಪು, ‘ನೈಸರ್ಗಿಕ’ ಸಮುದ್ರದ ಉಪ್ಪು, ಸೋಡಿಯಂ ಕಡಿಮೆ ಇರುವ ಉಪ್ಪು, ಹೀಗೆ ಸಾಲು ಸಾಲು ಪೊಟ್ಟಣಗಳು. ಬೆಲೆಯಲ್ಲಿ ಅಜಗಜಾಂತರ. ಪ್ರತಿಯೊಂದರ ಮೇಲೂ ಆರೋಗ್ಯದ ಒಂದೊಂದು ಭರವಸೆ.

ಹೀಗಿರುವಾಗ ಗೃಹಿಣಿಯರಿಗೆ ಗೊಂದಲವಾಗುವುದು ಸಹಜ. ರಕ್ತದೊತ್ತಡ ಇರುವವರು ‘ನಾನು ಈಗ ಸೈಂಧವ ಲವಣವನ್ನೇ ಬಳಸುತ್ತಿದ್ದೇನೆ, ಇನ್ನು ಭಯವಿಲ್ಲ’ ಎಂದು ನಿಶ್ಚಿಂತರಾಗಿರುತ್ತಾರೆ. ಇನ್ನು ಕೆಲವರು ಯಾರೋ ಹೇಳಿದರೆಂದು ಅಯೋಡಿನ್ ಉಪ್ಪನ್ನೇ ಮನೆಯಿಂದ ಹೊರಹಾಕಿರುತ್ತಾರೆ. ಇವೆರಡರಲ್ಲೂ ಅಪಾಯವಿದೆ. ಯಾವ ಉಪ್ಪಿನಲ್ಲಿ ನಿಜವಾಗಿ ಏನಿದೆ, ಯಾವ ವ್ಯತ್ಯಾಸ ನಾಲಿಗೆಗೆ ಮಾತ್ರ ಸಂಬಂಧಿಸಿದ್ದು, ಯಾವುದು ದೇಹಕ್ಕೆ ಸಂಬಂಧಿಸಿದ್ದು ಎಂಬುದನ್ನು ಈ ವಾರ ವಿವರವಾಗಿ ನೋಡೋಣ.

ಹೆಸರು ಹಲವು, ವಸ್ತು ಒಂದೇ

ಮೊದಲು ಒಂದು ಮೂಲ ಸಂಗತಿಯನ್ನು ನೆನಪಿಡಿ. ಅಡುಗೆಗೆ ಬಳಸುವ ಉಪ್ಪಿನ ಬಹುಪಾಲು ಸೋಡಿಯಂ ಕ್ಲೋರೈಡ್. ಇದರ ತೂಕದಲ್ಲಿ ನೂರಕ್ಕೆ ಸುಮಾರು 39 ಪಾಲು ಸೋಡಿಯಂ, ಉಳಿದದ್ದು ಕ್ಲೋರಿನ್. ರಕ್ತದೊತ್ತಡಕ್ಕೆ ಮುಖ್ಯವಾಗಿ ಸಂಬಂಧಪಟ್ಟದ್ದು ಈ ಸೋಡಿಯಂ.

ಪುಡಿ ಉಪ್ಪು: ಕಾರ್ಖಾನೆಯಲ್ಲಿ ಶುದ್ಧೀಕರಿಸಿ, ನುಣ್ಣಗೆ ಮಾಡಿ, ಅಯೋಡಿನ್ ಸೇರಿಸಿದ್ದು. ಮಳೆಗಾಲದಲ್ಲೂ ಗಂಟು ಕಟ್ಟದೆ ಉದುರಾಗಿರಲೆಂದು ಇದಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಬೇರೆ ಪದಾರ್ಥವನ್ನೂ ಬೆರೆಸಿರುತ್ತಾರೆ.

ಹರಳುಪ್ಪು ಅಥವಾ ಕಲ್ಲುಪ್ಪು: ಸಮುದ್ರದ ನೀರನ್ನು ಮಡಿಗಳಿಗೆ ಹಾಯಿಸಿ ಬಿಸಿಲಿನಲ್ಲಿ ಆರಿಸಿ ತೆಗೆದದ್ದು. ನಮ್ಮ ದೇಶದ ಉಪ್ಪಿನ ಬಹುಪಾಲು ಗುಜರಾತಿನಿಂದ ಬರುತ್ತದೆ. ನಮ್ಮ ರಾಜ್ಯದಲ್ಲಿ ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನ ಆಗರಗಳು ಹೆಸರಾದವು. ಅಲ್ಲಿನ ಉಪ್ಪಿಗೆ ತುಸು ಕಂದು ಛಾಯೆ ಇರುತ್ತದೆ. ಅದು ಮಡಿಯ ಮಣ್ಣಿನ ಗುಣವೇ ಹೊರತು ಬೇರೆ ಔಷಧೀಯ ಗುಣವೇನಲ್ಲ.

ಸೈಂಧವ ಲವಣ: ಎಷ್ಟೋ ಕೋಟಿ ವರ್ಷಗಳ ಹಿಂದೆ ಬತ್ತಿಹೋದ ಸಮುದ್ರದ ಉಪ್ಪು ಭೂಮಿಯೊಳಗೆ ಬಂಡೆಯಾಗಿ ಉಳಿದದ್ದು ಇದು. ಅಂದರೆ ಇದೂ ಒಂದು ಕಾಲದ ಸಮುದ್ರದ ಉಪ್ಪೇ. ‘ಹಿಮಾಲಯದ ಉಪ್ಪು’ ಎಂದು ಪೊಟ್ಟಣದ ಮೇಲೆ ಬರೆದಿದ್ದರೂ ಇದರ ಪ್ರಸಿದ್ಧ ಗಣಿ ಇರುವುದು ಪಾಕಿಸ್ತಾನದ ಪಂಜಾಬ್ ಪ್ರಾಂತ್ಯದ ಖೇವ್ರಾದಲ್ಲಿ. ಗುಲಾಬಿ ಬಣ್ಣ ಬರುವುದು ಅದರಲ್ಲಿರುವ ಕಬ್ಬಿಣದ ಲೇಶದಿಂದ.

ಕಪ್ಪು ಉಪ್ಪು: ಚಾಟ್, ಪಾನಕ, ಜಲ್‌ಜೀರಾಗಳಿಗೆ ಹಾಕುವ ಇದರ ವಿಶಿಷ್ಟ ವಾಸನೆ ಗಂಧಕದ ಸಂಯುಕ್ತಗಳಿಂದ ಬಂದದ್ದು. ಉಂಡೆಯಲ್ಲಿ ಕಪ್ಪಾಗಿ ಕಂಡರೂ ಪುಡಿ ಮಾಡಿದಾಗ ನಸುಗೆಂಪು. ಇದರಲ್ಲೂ ಬಹುಪಾಲು ಸೋಡಿಯಂ ಕ್ಲೋರೈಡೇ.

ಸೈಂಧವ ಲವಣದಲ್ಲಿ ಹತ್ತಾರು ಖನಿಜಗಳಿವೆ ಎಂಬ ಮಾತು ಸುಳ್ಳಲ್ಲ. ಆದರೆ ಎಷ್ಟಿವೆ ಎಂದು ಕೇಳಬೇಕು. ನೂರು ಪಾಲಿನಲ್ಲಿ ಎರಡು ಪಾಲು ಇತರ ಖನಿಜಗಳೆಂದು ಹಿಡಿದರೂ, ದಿನಕ್ಕೆ ತಿನ್ನುವ 5 ಗ್ರಾಂ ಉಪ್ಪಿನಲ್ಲಿ ಅವೆಲ್ಲ ಸೇರಿ 100 ಮಿಲಿಗ್ರಾಂ ಮಾತ್ರ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಣ್ಣದ ಅಂಶವೊಂದೇ ಸುಮಾರು 350 ಮಿಲಿಗ್ರಾಂ ಇರುತ್ತದೆ. ಖನಿಜ ಬೇಕೆಂದು ಉಪ್ಪು ತಿನ್ನುವುದಕ್ಕಿಂತ ಒಂದು ಮುದ್ದೆ ಉಣ್ಣುವುದು ಮೇಲು. ಆಯುರ್ವೇದದಲ್ಲಿ ಲವಣಗಳಲ್ಲೆಲ್ಲ ಸೈಂಧವಕ್ಕೆ ಮೊದಲ ಸ್ಥಾನವಿದೆ ಎಂಬುದು ನಿಜ. ವ್ರತ, ಉಪವಾಸದ ದಿನಗಳಲ್ಲಿ ಅದನ್ನು ಬಳಸುವುದರಿಂದ ತೊಂದರೆಯೇನೂ ಇಲ್ಲ. ಆದರೆ ‘ಸೈಂಧವ ತಿಂದರೆ ಬಿಪಿ ಏರುವುದಿಲ್ಲ’ ಎಂಬ ನಂಬಿಕೆಗೆ ಆಧಾರವಿಲ್ಲ. ಅದರ ಸೋಡಿಯಂ ಪ್ರಮಾಣ ಸಾಧಾರಣ ಉಪ್ಪಿನದಕ್ಕೆ ಹೆಚ್ಚುಕಡಿಮೆ ಸಮ.

ಚಮಚೆ ಮಾಡುವ ಮೋಸ

ವಸ್ತು ಒಂದೇ ಆದರೆ ‘ಕಲ್ಲುಪ್ಪು ಹಾಕಿದರೆ ಉಪ್ಪಾಗುವುದು ಕಡಿಮೆ’ ಎಂದು ಹಿರಿಯರು ಹೇಳುವುದೇಕೆ? ಉತ್ತರ ಉಪ್ಪಿನಲ್ಲಿಲ್ಲ, ಅಳತೆಯಲ್ಲಿದೆ. ದಪ್ಪ ಹರಳುಗಳ ನಡುವೆ ಗಾಳಿ ತುಂಬಿರುತ್ತದೆ. ಆದ್ದರಿಂದ ಒಂದು ಚಮಚೆ ಹರಳುಪ್ಪಿಗಿಂತ ಒಂದು ಚಮಚೆ ಪುಡಿ ಉಪ್ಪಿನ ತೂಕ ಹೆಚ್ಚು. ಗೀಟಿದಂತೆ ಸಮಮಟ್ಟವಾಗಿ ತುಂಬಿದ ಒಂದು ಟೀ ಚಮಚೆ ಪುಡಿ ಉಪ್ಪು 5ರಿಂದ 6 ಗ್ರಾಂ ತೂಗುತ್ತದೆ. ತೂಕಕ್ಕೆ ತೂಕ ಹಾಕಿದರೆ ಎರಡರ ಉಪ್ಪೂ ಒಂದೇ, ಸೋಡಿಯಂ ಕೂಡ ಒಂದೇ.

ಇದರಿಂದ ಎರಡು ಪಾಠಗಳಿವೆ. ಕಲ್ಲುಪ್ಪಿನಿಂದ ಪುಡಿ ಉಪ್ಪಿಗೆ ಬದಲಾಯಿಸಿದ ಮನೆಗಳಲ್ಲಿ ಹಳೆಯ ಅಂದಾಜಿನಂತೆ ಅದೇ ಚಮಚೆ, ಅದೇ ಹಿಡಿ ಹಾಕುತ್ತ ಹೋದರೆ ಅರಿವಿಲ್ಲದೆ ಉಪ್ಪು ಹೆಚ್ಚಾಗುತ್ತದೆ. ನಾಲಿಗೆ ಕೆಲವೇ ವಾರಗಳಲ್ಲಿ ಅದಕ್ಕೆ ಒಗ್ಗಿಕೊಳ್ಳುವುದರಿಂದ ಹೆಚ್ಚಾದದ್ದು ಗೊತ್ತೂ ಆಗುವುದಿಲ್ಲ.

ಎರಡನೆಯದು ಇನ್ನೂ ಮುಖ್ಯವಾದದ್ದು. ಮಗುವಿಗೆ ವಾಂತಿ ಭೇದಿಯಾದಾಗ ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಮನೆಯಲ್ಲೇ ಉಪ್ಪು ಸಕ್ಕರೆ ನೀರು ಮಾಡುತ್ತೇವೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮಮಟ್ಟದ ಆರು ಟೀ ಚಮಚೆ ಸಕ್ಕರೆ, ಸಮಮಟ್ಟದ ಅರ್ಧ ಟೀ ಚಮಚೆ ಉಪ್ಪು ಎಂಬುದು ಲೆಕ್ಕ. ಈ ಲೆಕ್ಕ ಪುಡಿ ಉಪ್ಪಿನದು. ಗೋಪುರದಂತೆ ತುಂಬಿದ ಚಮಚೆ ಬೇಡ, ಅಂದಾಜಿನ ಹರಳೂ ಬೇಡ. ಉಪ್ಪು ಹೆಚ್ಚಾದರೆ ನೀರಿನಂಶ ಕಳೆದುಕೊಂಡ ಮಗುವಿಗೆ ಅದೇ ಅಪಾಯಕಾರಿ. ಸೋಡಿಯಂ ಕಡಿಮೆ ಇರುವ ಉಪ್ಪನ್ನು ಇದಕ್ಕೆ ಎಂದೂ ಬಳಸಬಾರದು. ಮಗು ಮಂಕಾಗಿದ್ದರೆ, ಮೂತ್ರ ಹೋಗದಿದ್ದರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಒಲೆಯ ಮೇಲೆ, ಕೆಂಡದ ಮೇಲೆ

ಸಾರು, ಹುಳಿ, ಪಲ್ಯಗಳಲ್ಲಿ ಉಪ್ಪು ಕರಗಿಹೋಗುತ್ತದೆ. ಕರಗಿದ ಮೇಲೆ ಅದು ಹರಳಾಗಿತ್ತೋ ಪುಡಿಯಾಗಿತ್ತೋ ನಾಲಿಗೆಗೆ ತಿಳಿಯುವುದಿಲ್ಲ. ಆದ್ದರಿಂದ ದಿನನಿತ್ಯದ ಅಡುಗೆಗೆ ದುಬಾರಿ ಉಪ್ಪು ತರುವುದರಿಂದ ರುಚಿಯಲ್ಲಿ ಹೇಳಿಕೊಳ್ಳುವಂಥ ಲಾಭವಿಲ್ಲ.

ಸುಟ್ಟು ತಿನ್ನುವ ಪದಾರ್ಥಗಳ ಲೆಕ್ಕ ಬೇರೆ. ಕೆಂಡದ ಮೇಲೆ ಸುಟ್ಟ ಮುಸುಕಿನ ಜೋಳಕ್ಕೆ ಉಪ್ಪು ಖಾರ ಸವರಿದ ನಿಂಬೆಹೋಳನ್ನು ಉಜ್ಜಿ ತಿಂದವರಿಗೆ ಇದು ಗೊತ್ತು. ಅಲ್ಲಿ ಉಪ್ಪು ಮೇಲ್ಮೈಯಲ್ಲೇ ಕುಳಿತಿರುತ್ತದೆ, ನೇರವಾಗಿ ನಾಲಿಗೆಗೆ ತಾಗುತ್ತದೆ. ಚಿಟಿಕೆ ಉಪ್ಪು ಬಹಳ ರುಚಿ ಕೊಡುತ್ತದೆ. ಅದೇ ಜೋಳವನ್ನು ಉಪ್ಪುನೀರಿನಲ್ಲಿ ಬೇಯಿಸಿದರೆ ಅಷ್ಟೇ ರುಚಿ ಬರಲು ನೀರಿಗೆ ಹೆಚ್ಚು ಉಪ್ಪು ಸುರಿಯಬೇಕು. ಉಪ್ಪು ಕಡಿಮೆ ಮಾಡಬೇಕೆನ್ನುವವರು ಈ ಗುಟ್ಟನ್ನು ಬಳಸಿಕೊಳ್ಳಬಹುದು. ಬೇಯಿಸುವಾಗ ಉಪ್ಪು ಇಳಿಸಿ, ಕೊನೆಯಲ್ಲಿ ಮೇಲೆ ತುಸು ಉದುರಿಸಿ, ನಿಂಬೆರಸ ಹಿಂಡಿ. ಹುಳಿ ಇದ್ದಲ್ಲಿ ಉಪ್ಪಿನ ಕೊರತೆ ಕಾಣುವುದಿಲ್ಲ.

ಮೀನು, ಕೋಳಿ, ಕುರಿ ಮಾಂಸವನ್ನು ಸುಡುವ ಮೊದಲು ಉಪ್ಪು ಸವರಿಡುವುದಕ್ಕೂ ಕಾರಣವಿದೆ. ಉಪ್ಪು ಮೊದಲು ಮಾಂಸದ ನೀರನ್ನು ಹೊರಗೆಳೆಯುತ್ತದೆ. ಆ ನೀರಿನಲ್ಲಿ ತಾನೇ ಕರಗಿ, ಸ್ವಲ್ಪ ಹೊತ್ತಿನ ನಂತರ ನಿಧಾನವಾಗಿ ಒಳಗಿಳಿಯುತ್ತದೆ. ಆದ್ದರಿಂದ ದಪ್ಪ ಮಾಂಸಕ್ಕೆ ಉಪ್ಪನ್ನು ಮೊದಲೇ ಸವರಿ ಇಡುವುದು ಒಳ್ಳೆಯದು, ತೆಳು ಮೀನಿಗೆ ಕಡಿಮೆ ಹೊತ್ತು ಸಾಕು. ಉಪ್ಪು ಹಚ್ಚಿಟ್ಟದ್ದನ್ನು ಮರೆತು ಮಸಾಲೆಗೂ ಪೂರ್ತಿ ಉಪ್ಪು ಹಾಕುವುದು, ತಿನ್ನುವಾಗ ಮತ್ತೆ ಚಾಟ್ ಮಸಾಲೆ ಉದುರಿಸುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಹೀಗೆ ಮೂರು ಬಾರಿ ಬಿದ್ದ ಉಪ್ಪು ಒಂದೇ ತಟ್ಟೆಗೆ ಬರುತ್ತದೆ.

ಅಮೆರಿಕದಲ್ಲಿ ಮಾಂಸ ಸುಡುವವರು ದಪ್ಪ ಹರಳಿನ ‘ಕೋಷರ್’ ಉಪ್ಪನ್ನು ಹೆಚ್ಚಾಗಿ ಬಳಸುತ್ತಾರೆ. ಯಹೂದಿಗಳ ಪದ್ಧತಿಯಲ್ಲಿ ಮಾಂಸದ ರಕ್ತವನ್ನು ತೆಗೆಯಲು ಬಳಸುತ್ತಿದ್ದುದರಿಂದ ಅದಕ್ಕೆ ಆ ಹೆಸರು. ಬೆರಳಲ್ಲಿ ಹಿಡಿದು ಸಮನಾಗಿ ಉದುರಿಸಲು ಅನುಕೂಲ ಎಂಬುದೇ ಅದರ ವಿಶೇಷ. ಕೆಲವು ಬ್ರಾಂಡುಗಳಲ್ಲಿ ಒಂದು ಚಮಚೆಯ ತೂಕ ಪುಡಿ ಉಪ್ಪಿನ ಅರ್ಧದಷ್ಟೇ ಇರುತ್ತದೆ. ಅಲ್ಲಿರುವ ಮಗನೋ ಮಗಳೋ ಕಳಿಸಿದ ಅಡುಗೆ ವಿಧಾನವನ್ನು ಇಲ್ಲಿ ಮಾಡುವವರು ಇದನ್ನು ನೆನಪಿಡಬೇಕು. ಆ ಉಪ್ಪಿನಲ್ಲಿ ಸಾಮಾನ್ಯವಾಗಿ ಅಯೋಡಿನ್ ಇರುವುದಿಲ್ಲ ಎಂಬುದನ್ನು ಅಲ್ಲಿರುವವರು ಗಮನಿಸಬೇಕು.

ಕಣ್ಣಿಗೆ ಕಾಣದ ವ್ಯತ್ಯಾಸ

ಬಣ್ಣ, ಹರಳು, ವಾಸನೆಗಳೆಲ್ಲ ಕಣ್ಣಿಗೆ, ಮೂಗಿಗೆ ತಿಳಿಯುವ ವ್ಯತ್ಯಾಸಗಳು. ಆರೋಗ್ಯಕ್ಕೆ ನಿಜವಾಗಿ ಮುಖ್ಯವಾದ ಮೊದಲ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಇಲ್ಲ. ಅದು ಅಯೋಡಿನ್.

ಕುತ್ತಿಗೆಯ ಮುಂಭಾಗದಲ್ಲಿರುವ ಥೈರಾಯ್ಡ್ ಗ್ರಂಥಿ ತನ್ನ ರಸದೂತಗಳನ್ನು ತಯಾರಿಸಲು ಅಯೋಡಿನ್ ಬೇಕೇ ಬೇಕು. ವಯಸ್ಕರಿಗೆ ದಿನಕ್ಕೆ 150 ಮೈಕ್ರೊಗ್ರಾಂ, ಗರ್ಭಿಣಿಯರಿಗೆ ಮತ್ತು ಎದೆಹಾಲುಣಿಸುವ ತಾಯಂದಿರಿಗೆ 250 ಮೈಕ್ರೊಗ್ರಾಂ. ಸಾಸಿವೆ ಕಾಳಿಗಿಂತಲೂ ಎಷ್ಟೋ ಚಿಕ್ಕ ಪ್ರಮಾಣ. ಆದರೆ ಅಷ್ಟೂ ಸಿಗದಿದ್ದರೆ ಗ್ರಂಥಿ ಊದಿಕೊಂಡು ಗಳಗಂಡವಾಗುತ್ತದೆ. ಗಳಗಂಡ ಕಣ್ಣಿಗೆ ಕಾಣುವ ತೊಂದರೆ. ಕಾಣದ ತೊಂದರೆ ಅದಕ್ಕಿಂತ ದೊಡ್ಡದು. ಗರ್ಭದಲ್ಲಿರುವ ಶಿಶುವಿನ ಮೆದುಳು ಬೆಳೆಯುವಾಗ ತಾಯಿಗೆ ಅಯೋಡಿನ್ ತೀವ್ರವಾಗಿ ಕೊರತೆಯಾದರೆ ಗರ್ಭಪಾತವಾಗಬಹುದು, ಮಗು ಬುದ್ಧಿಮಾಂದ್ಯ ಅಥವಾ ಕಿವುಡಾಗಿ ಹುಟ್ಟಬಹುದು. ಹುಟ್ಟಿದ ಮೇಲೆ ಎಷ್ಟು ಅಯೋಡಿನ್ ಕೊಟ್ಟರೂ ಆದ ಹಾನಿ ಸಂಪೂರ್ಣ ಸರಿಹೋಗುವುದಿಲ್ಲ.

ನೆಲದಲ್ಲಿರುವ ಅಯೋಡಿನ್ ಮಳೆ, ಪ್ರವಾಹಗಳಿಂದ ಕೊಚ್ಚಿಹೋಗುತ್ತದೆ. ಅಂಥ ನೆಲದಲ್ಲಿ ಬೆಳೆದ ಧಾನ್ಯ ತರಕಾರಿಗಳಲ್ಲೂ ಅದು ಕಡಿಮೆ. ಹಿಮಾಲಯದ ತಪ್ಪಲು ಇದಕ್ಕೆ ಕುಖ್ಯಾತ. ನಮ್ಮಲ್ಲಿ ಚಿಕ್ಕಮಗಳೂರು, ದಕ್ಷಿಣ ಕನ್ನಡದಂಥ ಹೆಚ್ಚು ಮಳೆ ಬೀಳುವ ಜಿಲ್ಲೆಗಳ ಸಮೀಕ್ಷೆಗಳಲ್ಲಿ ಮಕ್ಕಳಲ್ಲಿ ಗಳಗಂಡ ಕಂಡುಬಂದಿದೆ. ಕಡಲ ತೀರದಲ್ಲಿರುವ ನಮಗೆ ಈ ಚಿಂತೆ ಇಲ್ಲ ಎನ್ನುವಂತಿಲ್ಲ. ಸಮುದ್ರದ ನೀರನ್ನು ಬಿಸಿಲಿನಲ್ಲಿ ಆರಿಸಿ ಮಾಡಿದ ಉಪ್ಪಿನಲ್ಲಿ ತಾನಾಗಿಯೇ ಉಳಿಯುವ ಅಯೋಡಿನ್ ಅತ್ಯಲ್ಪ. ಹೊರಗಿನಿಂದ ಸೇರಿಸದ ಹೊರತು ಕಲ್ಲುಪ್ಪಾಗಲಿ, ಸೈಂಧವವಾಗಲಿ, ಕಪ್ಪು ಉಪ್ಪಾಗಲಿ ನಮ್ಮ ಅಗತ್ಯವನ್ನು ಪೂರೈಸಲಾರವು.

ಉಪ್ಪಿಗೇ ಏಕೆ ಸೇರಿಸಬೇಕು? ಬಡವರು, ಬಲ್ಲಿದರು ಎಲ್ಲರೂ ದಿನಾ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನುವ ವಸ್ತು ಅದೊಂದೇ. ಸ್ವಿಟ್ಜರ್ಲೆಂಡ್ 1922ರಲ್ಲಿ, ಅಮೆರಿಕ 1924ರಲ್ಲಿ ಈ ಕೆಲಸ ಆರಂಭಿಸಿದವು. ನಮ್ಮ ದೇಶದಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು 1956ರಿಂದ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಪ್ರಯೋಗ ನಡೆಸಿದರು. ಕಣಿವೆಯನ್ನು ಭಾಗಗಳಾಗಿ ವಿಂಗಡಿಸಿ ಕೆಲವೆಡೆ ಅಯೋಡಿನ್ ಬೆರೆಸಿದ ಉಪ್ಪು, ಒಂದೆಡೆ ಸಾದಾ ಉಪ್ಪು ಒದಗಿಸಲಾಯಿತು. ಕೆಲವೇ ವರ್ಷಗಳಲ್ಲಿ ಅಯೋಡಿನ್ ಉಪ್ಪು ತಿಂದ ಕಡೆ ಶಾಲಾ ಮಕ್ಕಳ ಗಳಗಂಡ ಗಣನೀಯವಾಗಿ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ತೊಂದರೆ ಗಳಗಂಡಕ್ಕಷ್ಟೇ ಸೀಮಿತವಲ್ಲ ಎಂದು ಮನಗಂಡು 1992ರಲ್ಲಿ ಅದನ್ನು ಅಯೋಡಿನ್ ಕೊರತೆಯ ಎಲ್ಲ ತೊಂದರೆಗಳ ನಿಯಂತ್ರಣ ಕಾರ್ಯಕ್ರಮವೆಂದು ವಿಸ್ತರಿಸಲಾಯಿತು.

ಅಯೋಡಿನ್ ಇಲ್ಲದ ಉಪ್ಪನ್ನು ನೇರ ಸೇವನೆಗೆ ಮಾರಬಾರದೆಂಬ ಕೇಂದ್ರದ ನಿರ್ಬಂಧ 2000ದಲ್ಲಿ ತೆರವಾಗಿ, 2006ರಲ್ಲಿ ಮತ್ತೆ ಜಾರಿಗೆ ಬಂತು. ನಿಯಮದ ಪ್ರಕಾರ ಗ್ರಾಹಕರ ಕೈಸೇರುವಾಗ ಒಂದು ಕಿಲೋ ಉಪ್ಪಿನಲ್ಲಿ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕು. ಆದರೂ 2018-19ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಸಾಕಷ್ಟು ಅಯೋಡಿನ್ ಇರುವ ಉಪ್ಪು ಬಳಸುತ್ತಿದ್ದ ಮನೆಗಳು ನೂರಕ್ಕೆ 76 ಮಾತ್ರ. ಅಂದರೆ ನಾಲ್ಕರಲ್ಲಿ ಒಂದು ಮನೆ ಇನ್ನೂ ಹೊರಗುಳಿದಿದೆ.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಬೇಕು. ಹರಳುಪ್ಪೇ ಬೇಕೆನ್ನುವವರು ಅದನ್ನು ಬಿಡಬೇಕಾಗಿಲ್ಲ. ಅಯೋಡಿನ್ ಬೆರೆಸಿದ ಹರಳುಪ್ಪೂ ಸಿಗುತ್ತದೆ. ಪೊಟ್ಟಣದ ಮೇಲೆ ನಗುವ ಸೂರ್ಯನ ಚಿಹ್ನೆ ಅಥವಾ ‘ಅಯೋಡಿನ್‌ಯುಕ್ತ’ ಎಂಬ ಬರಹ ಇದೆಯೇ ನೋಡಿ. ಆದರೆ ಹರಳುಪ್ಪನ್ನು ಕಸ ಹೋಗಲೆಂದು ತೊಳೆದು ಬಳಸುವ ರೂಢಿ ನಮ್ಮಲ್ಲಿದೆ. ಅಯೋಡಿನ್ ಇರುವುದು ಹರಳಿನ ಮೇಲ್ಮೈಯಲ್ಲಿ. ತೊಳೆದರೆ ಅದೂ ನೀರಿನೊಂದಿಗೆ ಹೋಗುತ್ತದೆ.

ಸೋಡಿಯಂ ಕಡಿಮೆ ಇರುವ ಉಪ್ಪು

ಎರಡನೆಯ ಮುಖ್ಯ ವ್ಯತ್ಯಾಸ ಪೊಟ್ಯಾಸಿಯಂ. ‘ಲೋ ಸೋಡಿಯಂ’ ಎಂದು ಬರೆದ ಉಪ್ಪಿನಲ್ಲಿ ಸೋಡಿಯಂ ಕ್ಲೋರೈಡಿನ ಒಂದಿಷ್ಟು ಭಾಗವನ್ನು ತೆಗೆದು ಅದರ ಜಾಗದಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಸೇರಿಸಿರುತ್ತಾರೆ. ತುಸು ಕಹಿಯ ಛಾಯೆ ಬರುವುದು ಅದರಿಂದಲೇ. ಈವರೆಗೆ ಹೇಳಿದ ಉಪ್ಪುಗಳಲ್ಲಿ ರಕ್ತದೊತ್ತಡದ ದೃಷ್ಟಿಯಿಂದ ನಿಜವಾಗಿ ಭಿನ್ನವಾದದ್ದು ಇದೊಂದೇ.

ಇದಕ್ಕೆ ಗಟ್ಟಿ ಪುರಾವೆಯೂ ಇದೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮುಕ್ಕಾಲು ಪಾಲು ಸೋಡಿಯಂ ಕ್ಲೋರೈಡ್, ಕಾಲು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇದ್ದ ಉಪ್ಪನ್ನು ಬಳಸಲಾಯಿತು. ಪಾಲ್ಗೊಂಡವರಲ್ಲಿ ಹೆಚ್ಚಿನವರು ಮೊದಲೇ ಪಾರ್ಶ್ವವಾಯುವಿಗೆ ತುತ್ತಾಗಿದ್ದವರು, ಉಳಿದವರು ರಕ್ತದ ಏರೊತ್ತಡವಿದ್ದ ವಯಸ್ಸಾದವರು. ಸಾಧಾರಣ ಉಪ್ಪು ತಿಂದವರಿಗೆ ಹೋಲಿಸಿದರೆ ಇವರಲ್ಲಿ ಪಾರ್ಶ್ವವಾಯು ನೂರಕ್ಕೆ 14ರಷ್ಟು ಕಡಿಮೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆ ಕೂಡ 2025ರ ಜನವರಿಯಲ್ಲಿ ವಯಸ್ಕರಿಗೆ ಇಂಥ ಉಪ್ಪನ್ನು ಸೂಚಿಸಿತು. ಆದರೆ ಮಕ್ಕಳು, ಗರ್ಭಿಣಿಯರು, ಮೂತ್ರಪಿಂಡದ ಕಾಯಿಲೆ ಇರುವವರು ಮತ್ತು ಪೊಟ್ಯಾಸಿಯಂ ಹೊರಹೋಗಲು ತೊಡಕಿರುವವರನ್ನು ಆ ಸಲಹೆಯಿಂದ ಹೊರಗಿಟ್ಟಿತು.

ಕಾರಣವಿಷ್ಟೆ. ಆರೋಗ್ಯವಂತ ಮೂತ್ರಪಿಂಡ ಹೆಚ್ಚಾದ ಪೊಟ್ಯಾಸಿಯಂ ಅನ್ನು ಹೊರಹಾಕುತ್ತದೆ. ಸೋತ ಮೂತ್ರಪಿಂಡಕ್ಕೆ ಅದು ಸಾಧ್ಯವಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತ ತಪ್ಪಿ, ಮುನ್ಸೂಚನೆಯೇ ಇಲ್ಲದೆ ಪ್ರಾಣಕ್ಕೆ ಕುತ್ತು ಬರಬಹುದು. ರಾಮಿಪ್ರಿಲ್, ಎನಲಾಪ್ರಿಲ್, ಲೋಸಾರ್ಟಾನ್, ಟೆಲ್ಮಿಸಾರ್ಟಾನ್, ಸ್ಪೈರೊನೊಲ್ಯಾಕ್ಟೋನ್ ಮುಂತಾದ ಮಾತ್ರೆಗಳು ಕೂಡ ಪೊಟ್ಯಾಸಿಯಂ ಅನ್ನು ದೇಹದಲ್ಲಿ ಉಳಿಸುತ್ತವೆ. ಬಿಪಿ, ಹೃದ್ರೋಗ ಇರುವವರಲ್ಲಿ ಅನೇಕರು ಇವನ್ನೇ ನುಂಗುತ್ತಿರುತ್ತಾರೆ ಎಂಬುದು ಗಮನಾರ್ಹ. ಮಾತ್ರೆಯನ್ನು ಮಾತ್ರ ಇದರಿಂದ ನಿಲ್ಲಿಸಬೇಡಿ. ಉಪ್ಪು ಬದಲಿಸುವ ಮೊದಲು ವೈದ್ಯರನ್ನು ಕೇಳಿ, ರಕ್ತದ ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ.

ಭರಣಿ ಬದಲಿಸುವ ಮುನ್ನ

ಈಗ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮಾವನಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಜೊತೆಗೆ ಬಿಪಿ. ಸೊಸೆ ಮೂರು ತಿಂಗಳ ಬಸುರಿ. ಮಗನಿಗೆ ಈಚೆಗಷ್ಟೇ ಬಿಪಿ ತುಸು ಏರಿದೆ. ಎರಡು ವರ್ಷದ ಮಗುವೊಂದಿದೆ. ಒಲೆಯ ಪಕ್ಕದ ಉಪ್ಪಿನ ಭರಣಿ ಮಾತ್ರ ಎಲ್ಲರಿಗೂ ಸೇರಿ ಒಂದೇ.

ಯಾರೋ ಹೇಳಿದರೆಂದು ಮಾವನ ಬಿಪಿಗಾಗಿ ಆ ಭರಣಿಗೆ ಅಯೋಡಿನ್ ಇಲ್ಲದ ಸೈಂಧವ ತುಂಬಿದರೆ ಏನಾಗುತ್ತದೆ? ಮಾವನ ಬಿಪಿ ಇಳಿಯುವುದಿಲ್ಲ. ಆದರೆ ಸೊಸೆಗೆ, ಅವಳ ಹೊಟ್ಟೆಯಲ್ಲಿರುವ ಶಿಶುವಿಗೆ, ಎರಡು ವರ್ಷದ ಮಗುವಿಗೆ ಅಯೋಡಿನ್ ತಪ್ಪುತ್ತದೆ. ಮಗನ ಬಿಪಿಗಾಗಿ ಸೋಡಿಯಂ ಕಡಿಮೆ ಇರುವ ಉಪ್ಪು ತುಂಬಿದರೆ? ಮಗನಿಗೆ ಅನುಕೂಲವಾಗಬಹುದು. ಆದರೆ ದೀರ್ಘಕಾಲದ ಸಕ್ಕರೆ ಕಾಯಿಲೆಯಿಂದ ಮಾವನ ಮೂತ್ರಪಿಂಡ ಸದ್ದಿಲ್ಲದೆ ದುರ್ಬಲವಾಗಿದ್ದರೆ ಅದೇ ಸಾರು ಅವರಿಗೆ ಅಪಾಯ. ಬಸುರಿಗೂ ಮಗುವಿಗೂ ಆ ಉಪ್ಪಿನ ಸಲಹೆ ಇಲ್ಲವೆಂದು ಆಗಲೇ ನೋಡಿದೆವು.

ಆದ್ದರಿಂದ ಒಬ್ಬರ ಕಾಯಿಲೆಗೆಂದು ಭರಣಿ ಬದಲಿಸಬಾರದು. ಇಂಥ ಮನೆಗೆ ಹೊಂದುವ ದಾರಿ ಸರಳವಾದದ್ದು. ಭರಣಿಯಲ್ಲಿ ಅಯೋಡಿನ್ ಉಪ್ಪೇ ಇರಲಿ, ಆದರೆ ಎಲ್ಲರ ಅಡುಗೆಗೂ ಕಡಿಮೆ ಬೀಳಲಿ. ಇದರಿಂದ ಮಾವನಿಗೂ ಲಾಭ, ಮಗನಿಗೂ ಲಾಭ, ಯಾರಿಗೂ ನಷ್ಟವಿಲ್ಲ.

ಪೊಟ್ಟಣ ಎಷ್ಟು ದಿನ ಬರುತ್ತದೆ?

ಕಡಿಮೆ ಎಂದರೆ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ. ನಮ್ಮ ದೇಶದ ಅಧ್ಯಯನಗಳಲ್ಲಿ ಕಂಡುಬಂದಿರುವ ಸೇವನೆ ಸರಾಸರಿ ಸುಮಾರು 8ರಿಂದ 11 ಗ್ರಾಂ. ಪಾಶ್ಚಾತ್ಯರಲ್ಲಿ ಹೆಚ್ಚಿನ ಉಪ್ಪು ಅಂಗಡಿಯ ಸಿದ್ಧ ತಿನಿಸುಗಳಿಂದ ಬಂದರೆ, ನಮ್ಮಲ್ಲಿ ಹೆಚ್ಚಿನದು ಬರುವುದು ಮನೆಯ ಭರಣಿಯಿಂದಲೇ. ಇದು ಒಂದು ರೀತಿಯಲ್ಲಿ ಒಳ್ಳೆಯದು, ಕಡಿಮೆ ಮಾಡುವುದು ನಮ್ಮ ಕೈಯಲ್ಲೇ ಇದೆ.

ಪ್ರತಿದಿನ ತಕ್ಕಡಿ ಹಿಡಿಯಬೇಕಾಗಿಲ್ಲ. ಒಂದು ಕಿಲೋ ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಖು ಬರೆದಿಡಿ. ನಾಲ್ವರು ವಯಸ್ಕರಿರುವ ಮನೆಯಲ್ಲಿ ತಲೆಗೆ 5 ಗ್ರಾಂ ಎಂದರೆ ದಿನಕ್ಕೆ 20 ಗ್ರಾಂ, ಪೊಟ್ಟಣ 50 ದಿನ ಬರಬೇಕು. ಹೊರಗಿನ ತಿಂಡಿಯಲ್ಲೂ ಉಪ್ಪಿರುವುದರಿಂದ ಇನ್ನೂ ಹೆಚ್ಚು ದಿನ ಬಂದರೆ ಒಳ್ಳೆಯದು. ಉಪ್ಪಿನಕಾಯಿ ಹಾಕಲು, ಪಾತ್ರೆ ತಿಕ್ಕಲು ತೆಗೆದದ್ದನ್ನು ಬಿಟ್ಟು 25 ದಿನಕ್ಕೇ ಮುಗಿದರೆ ನೀವು ಎರಡು ಪಾಲು ತಿನ್ನುತ್ತಿದ್ದೀರಿ ಎಂದರ್ಥ.

ಥಟ್ಟನೆ ಅರ್ಧ ಮಾಡಿದರೆ ಊಟ ಸಪ್ಪೆಯೆನಿಸಿ ಮನೆಮಂದಿ ಬಂಡೇಳುತ್ತಾರೆ. ವಾರವಾರ ಸ್ವಲ್ಪ ಸ್ವಲ್ಪವೇ ಇಳಿಸಿ, ನಾಲಿಗೆಯೂ ಕ್ರಮೇಣ ಒಗ್ಗುತ್ತದೆ. ಅನ್ನಕ್ಕೆ, ಚಪಾತಿ ಹಿಟ್ಟಿಗೆ ಉಪ್ಪು ಹಾಕುವುದನ್ನು ಬಿಡಿ. ಊಟದ ಎಲೆಯ ತುದಿಗೆ ಉಪ್ಪು ಬಡಿಸುವುದು, ಮಜ್ಜಿಗೆಗೆ ಮತ್ತೆ ಉಪ್ಪು ಬೆರೆಸುವುದು ಬೇಡ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಒಣಮೀನು, ಇವುಗಳಲ್ಲಿ ಯಾವುದಾದರೂ ಒಂದಿರಲಿ, ಒಂದೇ ಊಟಕ್ಕೆ ಎಲ್ಲವೂ ಬೇಡ. ಅಡುಗೆ ಸೋಡ ಮತ್ತು ಅಜಿನೊಮೊಟೊಗಳಲ್ಲೂ ಸೋಡಿಯಂ ಇದೆ ಎಂಬುದನ್ನು ಮರೆಯಬೇಡಿ.

ಕೆಲವು ಸಂದೇಹಗಳು

ಉಪ್ಪು ಕಡಿಮೆ ಮಾಡಿದರೆ ಅಯೋಡಿನ್ ಕೂಡ ಕಡಿಮೆಯಾಗುವುದಿಲ್ಲವೇ?

ಅದಕ್ಕಾಗಿಯೇ ತಿನ್ನುವ ಅಷ್ಟೂ ಉಪ್ಪು ಅಯೋಡಿನ್‌ಯುಕ್ತವಾಗಿರಬೇಕು. ಹಾಲು, ಮೊಸರು, ಮೊಟ್ಟೆ, ಸಮುದ್ರದ ಮೀನುಗಳಿಂದಲೂ ಅಯೋಡಿನ್ ಸಿಗುತ್ತದೆ. ಗರ್ಭಿಣಿಯರು ತಮ್ಮ ಅಗತ್ಯದ ಬಗ್ಗೆ ವೈದ್ಯರನ್ನು ಕೇಳುವುದು ಒಳಿತು.

ಬೇಯಿಸಿದರೆ ಅಯೋಡಿನ್ ಹಾರಿಹೋಗುತ್ತದೆಯೇ?

ಸ್ವಲ್ಪ ಭಾಗ ನಷ್ಟವಾಗುತ್ತದೆ, ಪೂರ್ತಿ ಅಲ್ಲ. ನಮ್ಮ ಉಪ್ಪಿಗೆ ಸೇರಿಸುವುದು ಬಿಸಿ, ತೇವಗಳನ್ನು ಹೆಚ್ಚು ತಡೆಯುವ ಪೊಟ್ಯಾಸಿಯಂ ಅಯೋಡೇಟ್. ಸಾಧ್ಯವಿದ್ದಲ್ಲಿ ಅಡುಗೆಯ ಕೊನೆಗೆ ಉಪ್ಪು ಹಾಕಿ. ಭರಣಿಯ ಮುಚ್ಚಳ ಭದ್ರವಾಗಿರಲಿ, ಒಲೆಯಿಂದ, ಬಿಸಿಲಿನಿಂದ ದೂರವಿರಲಿ, ಒದ್ದೆ ಕೈ ಹಾಕಬೇಡಿ.

ಥೈರಾಯ್ಡ್ ಮಾತ್ರೆ ತಿನ್ನುವವರು ಅಯೋಡಿನ್ ಉಪ್ಪು ಬಿಡಬೇಕೇ?

ಥೈರಾಯ್ಡ್ ರಸ ಕಡಿಮೆಯಾಗಿ ಮಾತ್ರೆ ತಿನ್ನುವವರು ಸಾಧಾರಣವಾಗಿ ಬಿಡಬೇಕಾಗಿಲ್ಲ. ರಸ ಅತಿಯಾಗಿರುವವರು ಮತ್ತು ವಿಕಿರಣ ಅಯೋಡಿನ್ ಚಿಕಿತ್ಸೆಗೆ ಸಿದ್ಧರಾಗುತ್ತಿರುವವರು ತಮ್ಮ ವೈದ್ಯರು ಹೇಳಿದಂತೆ ನಡೆಯಬೇಕು.

ಉಪ್ಪಿನಕಾಯಿಗೆ ಯಾವ ಉಪ್ಪು?

ಇಲ್ಲಿ ಹರಳುಪ್ಪಿನ ಹಳೆಯ ರೂಢಿಯೇ ಸರಿ. ಪುಡಿ ಉಪ್ಪಿಗೆ ಬೆರೆಸಿದ ಪದಾರ್ಥದಿಂದ ಉಪ್ಪುನೀರು ಕದಡಿದಂತೆ ಕಾಣುವುದುಂಟು. ಕಾಯಿ ಕೆಡದಂತೆ ಇಡುವುದೇ ಉಪ್ಪಿನ ಕೆಲಸವಾದ್ದರಿಂದ ಹಾಕುವಾಗ ಉಪ್ಪು ಕಡಿಮೆ ಮಾಡಬೇಡಿ, ತಿನ್ನುವಾಗ ಕಡಿಮೆ ತಿನ್ನಿ.

ಹಸುಗೂಸಿನ ಆಹಾರಕ್ಕೆ ಉಪ್ಪು ಬೇಕೇ?

ಒಂದು ವರ್ಷದೊಳಗಿನ ಮಗುವಿನ ಗಂಜಿ, ಸರಿಗೆ ಉಪ್ಪು ಸೇರಿಸುವ ಅಗತ್ಯವಿಲ್ಲ. ನಮ್ಮ ನಾಲಿಗೆಗೆ ಸಪ್ಪೆಯೆನಿಸಿದ್ದು ಅದಕ್ಕೆ ಸಪ್ಪೆಯಲ್ಲ.

ನಮ್ಮ ಮನೆಯ ಉಪ್ಪಿನಲ್ಲಿ ಅಯೋಡಿನ್ ಇದೆಯೇ ಎಂದು ತಿಳಿಯುವುದು ಹೇಗೆ?

ಸರ್ಕಾರದ ಕಾರ್ಯಕ್ರಮದಡಿ ಉಪ್ಪು ಪರೀಕ್ಷಿಸುವ ಪುಟ್ಟ ಕಿಟ್‌ಗಳನ್ನು ಆಶಾ ಕಾರ್ಯಕರ್ತೆಯರಿಗೆ ಕೊಡಲಾಗುತ್ತದೆ. ಒಂದು ಚಮಚೆ ಉಪ್ಪಿಗೆ ಅದರ ಹನಿ ಬಿಟ್ಟಾಗ ನೀಲಿ ನೇರಳೆ ಬಣ್ಣ ಬಂದರೆ ಅಯೋಡಿನ್ ಇದೆ ಎಂದರ್ಥ. ಬಣ್ಣ ಬರದಿದ್ದರೆ ಇಲ್ಲ. ಮುಂದಿನ ಬಾರಿ ಅವರು ಮನೆಗೆ ಬಂದಾಗ ಕೇಳಿ ನೋಡಿ.

ಕೊನೆಯದಾಗಿ ಒಂದು ಮಾತು. ರಕ್ತದ ಏರೊತ್ತಡ ನೋವು ಕೊಡುವುದಿಲ್ಲ, ಅಯೋಡಿನ್ ಕೊರತೆ ಹೊಟ್ಟೆ ಹಸಿವಿನಂತೆ ಕಾಡುವುದಿಲ್ಲ. ಎರಡೂ ಸದ್ದಿಲ್ಲದೆ ಬರುವಂಥವು. ಮೂವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ಬಿಪಿ ನೋಡಿಸಿಕೊಳ್ಳಿ. ಉಪ್ಪಿನ ಪೊಟ್ಟಣ ಕೊಳ್ಳುವಾಗ ಬಣ್ಣವನ್ನೂ ಬೆಲೆಯನ್ನೂ ನೋಡುವ ಮೊದಲು ಅಯೋಡಿನ್ ಇದೆಯೇ ಎಂದು ಓದಿ. ಮನೆಗೆ ತಂದ ಮೇಲೆ ಅದು ನಿಧಾನವಾಗಿ ಖಾಲಿಯಾಗುವಂತೆ ನೋಡಿಕೊಳ್ಳಿ.